ಪುಟ್ಟೀ, ಓದದೆ ಸಹಿ ಹಾಕಬೇಡ

ಪುಟ್ಟೀ, ನಿನ್ನ ಮೆಸೇಜು ರಾತ್ರಿಯೇ ನೋಡಿದೆ ಮಗಳೇ. ಇಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ. ಮೊಬೈಲಿನಲ್ಲಿ ಚಾರ್ಜೂ ಇರಲಿಲ್ಲ. ಬೆಳಿಗ್ಗೆ ಪಕ್ಕದ ಮನೆ ಜನರೇಟರ್‌ನಲ್ಲಿ ಸ್ವಲ್ಪ ಚಾರ್ಜ್ ಮಾಡಿಕೊಂಡು ಬಂದು ಮಾತಾಡುತ್ತಿದ್ದೇನೆ. ಉದ್ದ ಆಗುತ್ತದೆ, ಕೂಸು ಮಲಗಿದಾಗ ಕೇಳು. ಗುಂಪಿನಲ್ಲಿರುವ ಉಳಿದವರೂ ಕೇಳಿ.

ನೀನು ಕೇಳಿದ್ದು ಇಷ್ಟು, ಅಲ್ವಾ? ನಿನ್ನ 12 ಕಥೆಗಳನ್ನು ಬೆಂಗಳೂರಿನ ಪ್ರಕಾಶನದವರು ಪುಸ್ತಕ ಮಾಡುತ್ತಾರಂತೆ. ಒಂದೇ ಸಲ 15,000 ರೂಪಾಯಿ ಕೊಟ್ಟುಬಿಡುತ್ತಾರಂತೆ. ಶನಿವಾರದೊಳಗೆ ಕಾಗದಕ್ಕೆ ಸಹಿ ಹಾಕಿ ಕಳಿಸಬೇಕಂತೆ. ಜೊತೆಗೆ ನಿನ್ನ ಕೈಬರಹದ ನೋಟ್ ಬುಕ್ಕು, ನಿನ್ನ ಗೆಳತಿ ಬರೆದ ಚಿತ್ರಗಳು, ಎಲ್ಲ ಅಸಲೇ ಬೇಕಂತೆ. ‘ಹಾಕಲಾ ಬೇಡವಾ ದೊಡ್ಡಮ್ಮ, ಕೈ ತಪ್ಪಿಹೋದರೆ ಅಂತ ನಿದ್ದೆ ಬರುತ್ತಿಲ್ಲ’ ಅಂದಿದ್ದೀಯ. ಅದರ ಕೆಳಗೆ ಶನಿವಾರಸಂತೆ ಅತ್ತೆ ಹೂವಿನ ಚಿತ್ರ ಹಾಕಿದ್ದಾಳೆ. ಕುಶಾಲನಗರದ ಭಾವ ‘ಬೇಗ ಹಾಕಿಬಿಡು’ ಅಂದಿದ್ದಾರೆ. ಭಾವ, ಬೇಸರ ಮಾಡಿಕೊಳ್ಳಬೇಡಿ. ಬೇಗ ಹಾಕುವುದು ಬೇಡ. ನಾನು ಬೇಗ ಹಾಕಿದ್ದೆ.

ಓದದೆ ಸಹಿ ಹಾಕಬೇಡ ಪುಟ್ಟೀ. ಓದು. ಅರ್ಥ ಆಗದಿದ್ದರೆ ಇನ್ನೊಬ್ಬರ ಹತ್ತಿರ ಓದಿಸು. ಆಮೇಲೂ ಒಂದು ರಾತ್ರಿ ಬಿಡು.

ನನ್ನ ಚಿಪ್ಪುಹಂದಿ ಕಥೆ ನಿಮಗೆಲ್ಲ ಗೊತ್ತಿದೆ. ಅದು ಹುಟ್ಟಿದ್ದು ಹೇಗೆ, ಹೋಗಿದ್ದು ಹೇಗೆ ಅಂತ ಪೂರ್ತಿ ಯಾರಿಗೂ ಹೇಳಿಲ್ಲ.

1990ರ ಮಳೆಗಾಲ. ನಿಮ್ಮ ಅಣ್ಣನಿಗೆ ನಾಲ್ಕು ವರ್ಷ. ನನ್ನ ಸೆರಗು ಬಿಡುತ್ತಿರಲಿಲ್ಲ. ನಾನು ಒಲೆ ಮುಂದೆ ಇದ್ದರೆ ಅವನೂ ಅಲ್ಲೇ, ಕೊಟ್ಟಿಗೆಗೆ ಹೋದರೆ ಅಲ್ಲಿಗೂ. ಒಂದು ಸಂಜೆ ನಿಮ್ಮ ದೊಡ್ಡಪ್ಪ ತೋಟದಿಂದ ಬಂದವರು ಮಳೆಗೆ ಹೊದೆಯುವ ಗೊರಬೆ ತೆಗೆದು ಗೋಡೆಗೆ ಒರಗಿಸುತ್ತಾ, ಹಳ್ಳದ ಪಕ್ಕ ತಾಯಿ ಚಿಪ್ಪುಹಂದಿ ಕಂಡೆ, ಮರಿ ಬಾಲದ ಮೇಲೆ ಕೂತಿತ್ತು ಅಂದರು. ಚಿಪ್ಪುಹಂದಿ ಮರಿಯನ್ನು ಹೊರುವುದೇ ಹಾಗೆ, ಬಾಲದ ಬುಡದ ಮೇಲೆ. ಹೆದರಿಕೆ ಆದರೆ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದು ಸುಲಭ ಅಲ್ಲ. ಆ ರಾತ್ರಿ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಮಗನಿಗೆ ಆ ಕಥೆ ಹೇಳಿದೆ. ಸೆರಗು ಹಿಡಿದುಕೊಂಡೇ ಕೇಳಿದ. ಮರುದಿನ ಅದನ್ನೇ ಮತ್ತೆ ಹೇಳು ಅಂದ.

ಕೊಯ್ಲು ಶುರುವಾದ ಮೇಲೆ ಕಣದಲ್ಲಿ ಓದಿದೆ. ನಿನಗೆ ನೆನಪಿರಲಿಕ್ಕಿಲ್ಲ, ಆಗ ಹಣ್ಣು ಕೊಯ್ಯಲು ಬರುವ ಹೆಂಗಸರು ಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದರು. ಒಣಗಲು ಹಾಕಿದ ಕಾಫಿಯ ಪಕ್ಕ ಗೋಣಿಚೀಲ ಹಾಸಿ ಅವರನ್ನು ಕೂರಿಸಿದರೆ ಏಳೆಂಟು ಮಕ್ಕಳು. ಒಬ್ಬನ ಮನೇಲಿ ತಮಿಳು, ಇನ್ನೊಬ್ಬಳ ಮನೇಲಿ ಮಲಯಾಳ, ಮತ್ತೊಬ್ಬರದು ತುಳು. ಶಾಲೆಗೆ ಹೋದ ಮೇಲೆಯೇ ಅವರಿಗೆ ಕನ್ನಡ. ನಾನು ‘ತಾಯಿ ಭಯಭೀತಳಾಗಿ’ ಅಂತ ಬರೆದಿದ್ದೆ. ಒಬ್ಬಳು ಹುಡುಗಿ ‘ಹಂಗಂದ್ರೆ?’ ಅಂದಳು. ಅಲ್ಲೇ ಪೆನ್ನಿನಿಂದ ಹೊಡೆದು ‘ಅಮ್ಮನಿಗೆ ಹೆದರಿಕೆ ಆಯಿತು’ ಅಂತ ಮಾಡಿದೆ. ಮಕ್ಕಳು ಕಥೆ ಚೆನ್ನಾಗಿಲ್ಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಕಾಲಿನಿಂದ ಕಾಫಿ ಬೀಜ ಸರಿಸಲು ಶುರು ಮಾಡುತ್ತಾರೆ. ಕಾಲು ಎಲ್ಲಿ ಆಡಿತೋ ಅಲ್ಲಿ ವಾಕ್ಯ ಉದ್ದ ಆಗಿದೆ ಅಂತ ಲೆಕ್ಕ. ಹಾಗೆ ಏಳು ಸಲ ತಿದ್ದಿದೆ. ಕೊನೆಗೆ ಯಾರ ಕಾಲೂ ಆಡಲಿಲ್ಲ. ಆ ಕಥೆಯಲ್ಲಿ ಮರಿ ಬೀಳುವುದಿಲ್ಲ ಪುಟ್ಟೀ. ಅಮ್ಮ ಸುತ್ತಿಕೊಳ್ಳುತ್ತದೆ. ಜೋರು ಮಳೆ ಬಂದು ಬೇಟೆ ನಾಯಿಗೆ ಜಾಡು ತಪ್ಪಿಹೋಗುತ್ತದೆ. ಬೆಳಗಾದ ಮೇಲೆ ಅಮ್ಮ ನಿಧಾನಕ್ಕೆ ಬಿಚ್ಚಿಕೊಂಡರೆ ಒಳಗೆ ಮರಿ ನಿದ್ದೆ ಮಾಡಿರುತ್ತದೆ. ಅಷ್ಟೇ ಕಥೆ.

1991ರ ಜುಲೈಯಲ್ಲಿ ಪ್ರಕಾಶನದ ಕಡೆಯವರೊಬ್ಬರು ಸಂಜೆ ಬಸ್ಸಿಗೆ ಬಂದರು. ನಾನು ಪತ್ರ ಬರೆದಿದ್ದೆ, ಅದಕ್ಕೆ ಹುಡುಕಿಕೊಂಡು ಬಂದಿದ್ದರು. ಒದ್ದೆ ಕೊಡೆ ಜಗಲಿಯಲ್ಲಿಟ್ಟು ಒಳಗೆ ಬಂದರು. ಅಕ್ಕಿ ರೊಟ್ಟಿ, ಕಳಲೆ ಪಲ್ಯ ಮಾಡಿ ಹಾಕಿದೆ. ಕಥೆ ಓದಿ ತುಂಬಾ ಹೊಗಳಿದರು. ನನ್ನನ್ನು ಅದುವರೆಗೆ ಯಾರೂ ಹಾಗೆ ಹೊಗಳಿರಲಿಲ್ಲ. ಆಮೇಲೆ ಒಂದು ಟೈಪ್ ಮಾಡಿದ ಹಾಳೆ ತೆಗೆದು ಊಟದ ಮೇಜಿನ ಮೇಲೆ ಇಟ್ಟರು. ನೂರರ 15 ನೋಟು ಎಣಿಸಿ ಅದರ ಮೇಲೆ ಇಟ್ಟರು. ನೋಟು ಇಟ್ಟ ಜಾಗದ ಕೆಳಗೇ ಆ ಸಾಲು ಇತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಆಗ 1,500 ಅಂದರೆ ನಮಗೆ ದೊಡ್ಡದು. ಕಾಫಿಯನ್ನು ಈಗಿನ ಹಾಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವಲ್ಲಿಗೆ ಕೊಟ್ಟು ಕಂತಿನ ಹಣಕ್ಕೆ ಕಾಯಬೇಕಿತ್ತು. ಆ ವರ್ಷ ಬೆಲೆಯೂ ಇರಲಿಲ್ಲ. ಅಡುಗೆ ಮನೆ ಹಂಚು ಒಡೆದು ಮೂರು ಕಡೆ ಪಾತ್ರೆ ಇಟ್ಟಿದ್ದೆ. ಒಳಗೆ ಮಗು ಅಳುತ್ತಿತ್ತು. ಬಂದವರಿಗೆ ಕೊನೆ ಬಸ್ಸಿಗೆ ಹೊತ್ತಾಗಿತ್ತು. ‘ಎಲ್ಲರೂ ಹಾಕುವುದೇ ಅಮ್ಮ, ಬರೀ ಪದ್ಧತಿ’ ಅಂದರು. ಹಾಕಿದೆ. ಅವರು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು. ಸ್ವಚ್ಛವಾಗಿ ಬರೆದ ನೋಟ್ ಬುಕ್ಕನ್ನೂ ತೆಗೆದುಕೊಂಡರು. ನನಗೆ ಒಂದು ಪ್ರತಿ ಬೇಕು ಅಂತ ಕೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ.

ಪುಸ್ತಕ ಬಂತು. ನನ್ನ ಹೆಸರು ಇತ್ತು. ಹತ್ತು ಪ್ರತಿ ಕಳಿಸಿದ್ದರು, ಎಲ್ಲ ಹಂಚಿದೆ. ಆಮೇಲೆ ಎಷ್ಟು ಸಲ ಅಚ್ಚಾಯಿತೋ ಯಾರೂ ಹೇಳಲಿಲ್ಲ. ಒಂದು ಪೈಸೆ ಬರಲಿಲ್ಲ. ನಾನೂ ಕೇಳಲಿಲ್ಲ. ಪುಸ್ತಕ ಮಕ್ಕಳ ಕೈಯಲ್ಲಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ.

2017ರಲ್ಲಿ ಮೈಸೂರಿಗೆ ಹೋಗಿದ್ದಾಗ ಮೊಮ್ಮಗಳು ಶಾಲೆಯಿಂದ ಒಂದು ಪುಸ್ತಕ ತಂದಳು. ಬಣ್ಣದ ಚಿತ್ರದ್ದು. ‘ಅಜ್ಜಿ, ಇದರಲ್ಲಿ ಮರಿ ಸತ್ತೋಗತ್ತೆ’ ಅಂದಳು. ಕಣ್ಣಲ್ಲಿ ನೀರು. ತೆಗೆದು ನೋಡಿದರೆ ನನ್ನದೇ ಚಿಪ್ಪುಹಂದಿ. ಹಳ್ಳ ನನ್ನದು, ಮಳೆ ನನ್ನದು, ‘ಅಮ್ಮನಿಗೆ ಹೆದರಿಕೆ ಆಯಿತು’ ಅನ್ನುವ ವಾಕ್ಯವೂ ನನ್ನದು. ಕೊನೆ ಮಾತ್ರ ಬೇರೆ. ಮರಿ ಅಮ್ಮನ ಮಾತು ಕೇಳದೆ ಬಾಲದಿಂದ ಇಳಿಯಿತಂತೆ, ನಾಯಿ ಹಿಡಿಯಿತಂತೆ. ಕೆಳಗೆ ದಪ್ಪ ಅಕ್ಷರದಲ್ಲಿ ಹಿರಿಯರ ಮಾತು ಮೀರಬಾರದು ಅಂತ ನೀತಿ. ಹೊದಿಕೆಯ ಮೇಲೆ ನನ್ನ ಹೆಸರಿಲ್ಲ. ಒಳಗೆ ‘ಸಂಗ್ರಹ’ ಅಂತ ಇತ್ತು. ಯಾವ ಮಗನಿಗೆ ಹೆದರಿಕೆ ಹೋಗಲಿ ಅಂತ ಆ ಕಥೆ ಮಾಡಿದ್ದೆನೋ, ಅವನ ಮಗಳಿಗೆ ಅದೇ ಕಥೆಯಿಂದ ಹೆದರಿಕೆ ಆಯಿತು. ಆ ರಾತ್ರಿ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಸರಿಯಾದ ಕಥೆ ಹೇಳಿದೆ. ‘ಪುಸ್ತಕದಲ್ಲಿ ಹಾಗಿಲ್ಲ’ ಅಂದಳು. ಅವಳಿಗೆ ಪುಸ್ತಕವೇ ನಿಜ.

ಪ್ರಕಾಶನಕ್ಕೆ ಕಾಗದ ಬರೆದೆ. ಅವರು ನಾನು ಸಹಿ ಹಾಕಿದ ಹಾಳೆಯ ಜೆರಾಕ್ಸ್ ಕಳಿಸಿದರು, ಬೇರೇನೂ ಇಲ್ಲ. ‘ಸದರಿ ಕೃತಿಯ ಸಮಸ್ತ ಹಕ್ಕುಗಳನ್ನು ಯಾವುದೇ ಅವಧಿಯ ಮಿತಿಯಿಲ್ಲದೆ ವಹಿಸಿಕೊಟ್ಟಿರುತ್ತೇನೆ.’ ಅದರ ಕೆಳಗೆ ನನ್ನ ಸಹಿ, ಅವಸರದ್ದು. 26 ವರ್ಷದ ಮೇಲೆ ಅದನ್ನು ಮೊದಲ ಸಲ ಓದಿದೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಓದದೆ ಸಹಿ ಹಾಕಬೇಡ. ಮನೆಗೆ ಬಂದು ಊಟ ಮಾಡಿದವರೇ ಕೊಟ್ಟ ಕಾಗದ ಆದರೂ ಸರಿ, ಓದದೆ ಹಾಕಬೇಡ.

ಒಂದು ಮಾತು ಮನಸ್ಸಿನಲ್ಲಿ ಬಹಳ ದಿನದಿಂದ ಇದೆ, ಇವತ್ತು ಹೇಳಿಬಿಡುತ್ತೇನೆ. ಮೈಸೂರಿನಿಂದ ಬಂದ ಕೂಡಲೇ ನಾನು ಹುಡುಕಿದ್ದು ನನ್ನ ಹಳೆ ಟ್ರಂಕು. ಕಣದಲ್ಲಿ ಓದಿ ತಿದ್ದಿದ ಆ ಏಳು ಪ್ರತಿಗಳೂ ಅದರಲ್ಲಿ ಇದ್ದವು. 2003ರಲ್ಲಿ ಪಾಲಾದಾಗ ಪಾತ್ರೆ, ಬೀರು, ಕಾಫಿ ಪಲ್ಪರ್, ಹಳೆ ಕಂಚಿನ ದೀಪ, ಎಲ್ಲಕ್ಕೂ ಚೀಟಿ ಬರೆದು ಲೆಕ್ಕ ಹಾಕಿದಿರಿ. ನನ್ನ ಎರಡು ಟ್ರಂಕನ್ನು ‘ಹಳೆ ಕಾಗದ’ ಅಂತ ಕಣದ ಶೆಡ್ಡಿಗೆ ಹಾಕಿದಿರಿ. ನಾನು ಆಗ ತವರಿನಲ್ಲಿ ಅಮ್ಮನ ಆರೈಕೆ ಮಾಡುತ್ತಿದ್ದೆ. ಶೆಡ್ಡಿನ ಶೀಟು ಸೋರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಟ್ರಂಕು ತೆರೆದರೆ ಪುಟಗಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿ ಹಲಗೆ ಆಗಿದ್ದವು. ಮಧ್ಯಕ್ಕೆ ಗೆದ್ದಲು ಹಿಡಿದಿತ್ತು. ಒಂದು ಕಡೆ ‘ಹೆದರಿಕೆ’ ಅನ್ನುವ ಒಂದು ಶಬ್ದ ಕಂಡಿತು, ಶಾಯಿ ನೀಲಿ ಹರಡಿಕೊಂಡು. ಅದನ್ನು ಎಬ್ಬಿಸಲು ಹೋದರೆ ಪುಡಿಯಾಯಿತು.

ನಾನು ಯಾರನ್ನೂ ಬೈಯುತ್ತಿಲ್ಲ. ಆದರೆ ಕೇಳಿ. ಶನಿವಾರ ಬಟವಾಡೆ ಅಂದರೆ ನಮ್ಮ ಮನೆಯಲ್ಲಿ ಎಂಟಾಣೆಯೂ ತಪ್ಪುತ್ತಿರಲಿಲ್ಲ. ಯಾರು ಎಷ್ಟು ಹಣ್ಣು ಕೊಯ್ದರು, ಯಾರು ಅರ್ಧ ದಿನ ಬಂದರು, ಎಲ್ಲ ಪುಸ್ತಕದಲ್ಲಿ ಇರುತ್ತಿತ್ತು. ಅದು ಸರಿಯೇ, ದುಡಿದವರ ದುಡ್ಡು. ನಾನು ಎಲ್ಲರ ಊಟ ಆದ ಮೇಲೆ ಹನ್ನೊಂದು ಗಂಟೆಗೆ ಬುಡ್ಡಿ ಹಚ್ಚಿಕೊಂಡು ಕೂತಿದ್ದು ಯಾವ ಲೆಕ್ಕದಲ್ಲಿತ್ತು? ‘ಮಕ್ಕಳ ಕಥೆ ತಾನೇ’ ಅಂದಿರಿ. ಸೀಮೆಎಣ್ಣೆ ಖರ್ಚು ಅಂದಿರಿ. ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಹೆಡ್ಮಾಸ್ಟರ್ ಆಗಿದ್ದವರು, ಮಕ್ಕಳಿಗೆ ಬರೆದವರು. ಹುತ್ತರಿ ಬಂದರೆ ಅವರ ಹುತ್ತರಿ ಹಾಡನ್ನು ಈ ಗುಂಪಿನಲ್ಲಿ ಎಲ್ಲರೂ ಹಾಕುತ್ತೀರಿ, ನನಗೂ ಖುಷಿಯೇ. ಅವರೂ ಮಕ್ಕಳಿಗೇ ಬರೆದದ್ದು. ಪುಟ್ಟಿಗೆ ಮಾತ್ರ ಇನ್ನೊಂದು ಸಲ ‘ಮಕ್ಕಳ ಕಥೆ ತಾನೇ’ ಅನ್ನಬೇಡಿ. ಅವಳ ಅತ್ತೆ ಎರಡು ಗಂಟೆ ಕೂಸನ್ನು ನೋಡಿಕೊಂಡರೆ ಅವಳು ಎರಡು ಪುಟ ಬರೆಯುತ್ತಾಳೆ. ಆ ಎರಡು ಗಂಟೆ ಅವಳಿಗೆ ಕೊಡಿ.

ಅಯ್ಯೋ, ಶನಿವಾರದ ವಿಷಯ ಅಲ್ವಾ ನೀನು ಕೇಳಿದ್ದು. ಹೇಳುತ್ತೇನೆ, ಬರೆದುಕೋ.

ಮೊದಲು ಅಸಲು ಯಾವುದೂ ಕಳಿಸಬೇಡ. ನೋಟ್ ಬುಕ್ ಪೂರ್ತಿ ಫೋಟೋ ತೆಗೆದು ಮೂರು ಕಡೆ ಇಡು, ಒಂದು ಅಣ್ಣನಿಗೆ ಮೈಸೂರಿಗೂ ಕಳಿಸು. ಚಿತ್ರ ನಿನ್ನ ಗೆಳತಿಯ ಕೆಲಸ. ಅವಳ ಹೆಸರು, ಅವಳ ದುಡ್ಡು ಅವಳದೇ ಬೇರೆ ಕಾಗದದಲ್ಲಿ ಬರಲಿ. ಅವಳ ಪರವಾಗಿ ನೀನು ಸಹಿ ಹಾಕಬೇಡ.

2017ರಲ್ಲಿ ಮಡಿಕೇರಿಯ ವಕೀಲರು ನನಗೆ ಬಿಡಿಸಿ ಹೇಳಿದ್ದು ಹೀಗೆ. 1957ರ ಕಾಪಿರೈಟ್ ಕಾನೂನು ಇದೆ. ಹಕ್ಕು ಕೊಡುವುದಾದರೆ ಬರಹದಲ್ಲೇ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ಊರು ದೇಶಕ್ಕೆ, ಎಷ್ಟು ದುಡ್ಡು ಅಂತ ಇರಬೇಕು. ವರ್ಷ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ದೇಶ ಬರೆಯದಿದ್ದರೆ ಭಾರತ ಮಾತ್ರ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ನಿನಗೆ ವಾಪಸ್, ಆದರೆ ಕಾಗದದಲ್ಲಿ ಬೇರೆ ರೀತಿ ಬರೆದಿದ್ದರೆ ಇಲ್ಲ. ಅದಕ್ಕೇ ‘ಸಮಸ್ತ’, ‘ಮಿತಿಯಿಲ್ಲದೆ’ ಅನ್ನುವ ಶಬ್ದ ಎಲ್ಲಿದೆ ಹುಡುಕು. ಅದನ್ನು ತೆಗೆಸಿ ‘ಕನ್ನಡದ ಅಚ್ಚಿನ ಪುಸ್ತಕಕ್ಕೆ, 5 ವರ್ಷಕ್ಕೆ’ ಅಂತ ಮಾಡಿಸು. ಬೇರೆ ಭಾಷೆ, ಆಡಿಯೋ, ವಿಡಿಯೋ ಆಮೇಲೆ ಬೇರೆ ಮಾತು.

ನಾನು ತಿಳಿಯದೇ ಬಿಟ್ಟಿದ್ದು ಇನ್ನೊಂದಿದೆ. ಹಕ್ಕು ಮಾರಿದ ಮೇಲೂ, ಇದು ನಾನು ಬರೆದದ್ದು ಅಂತ ಹೇಳುವ ಹಕ್ಕು ಬರೆದವರಿಗೇ ಇರುತ್ತದಂತೆ. ಹೆಸರು ಕೆಡುವ ಹಾಗೆ ಕಥೆಯನ್ನು ತಿರುಚಿದರೆ ಬೇಡ ಅನ್ನುವ ಹಕ್ಕೂ ಇರುತ್ತದಂತೆ. ಅದೇ ಕಾನೂನಿನ 57ನೇ ಸೆಕ್ಷನ್. ನಾನು ಅದನ್ನು ಹಿಡಿದುಕೊಂಡು ಹೋಗುವಷ್ಟರಲ್ಲಿ ಆ ಪ್ರಕಾಶನದವರು ಬಾಗಿಲು ಹಾಕಿದ್ದರು. ನೀನು ಮೊದಲೇ ಬರೆಸು. ಹೊದಿಕೆಯ ಮೇಲೆ ಹೆಸರು, ನಿನ್ನನ್ನು ಕೇಳದೆ ಒಂದು ಸಾಲೂ ಬದಲಾಗಬಾರದು.

ದುಡ್ಡಿನ ಲೆಕ್ಕ. ಪುಸ್ತಕದ ಬೆಲೆ 150 ಇಟ್ಟರೆ, ಶೇಕಡಾ 10 ಗೌರವಧನ ಅಂದರೆ ಪ್ರತಿಗೆ 15 ರೂಪಾಯಿ. ಒಂದು ಸಾವಿರ ಪ್ರತಿ ಹೋದರೆ 15,000. ಅಂದರೆ ಅವರು ಪೂರ್ತಿ ಹಕ್ಕಿಗೆ ಕೊಡುವುದು ಒಂದೇ ಮುದ್ರಣದ ದುಡ್ಡು. ಆ 15,000 ಮುಂಗಡ ಅಂತ ಬರೆಸಿಕೋ, ಎರಡನೇ ಮುದ್ರಣದಿಂದ ಗೌರವಧನ ಕೇಳು, ವರ್ಷಕ್ಕೊಂದು ಸಲ ಲೆಕ್ಕ ಕಳಿಸಲಿ. ಬರೆದವರು ಇರುವವರೆಗೂ, ಅವರ ನಂತರ 60 ವರ್ಷವೂ ಕಾಪಿರೈಟ್ ಇರುತ್ತದೆ. ಅದು ಈಗ ನಿನ್ನ ತೊಡೆ ಮೇಲೆ ಮಲಗಿರುವ ಕೂಸಿಗೆ ಸೇರಬೇಕಾದ್ದು.

ಇವತ್ತೇ ಅವರಿಗೆ ಫೋನ್ ಮಾಡಿ, ಕಾಗದ ಓದಿಸುತ್ತಿದ್ದೇನೆ, ಹತ್ತು ದಿನ ಬೇಕು ಅಂತ ಹೇಳು. ಕಥೆ ನಿಜವಾಗಿ ಬೇಕಾದವರು ಹತ್ತು ದಿನ ಕಾಯುತ್ತಾರೆ. ಭಾವ, ನಿಮ್ಮ ಪರಿಚಯದ ವಕೀಲರು ಕುಶಾಲನಗರದಲ್ಲಿ ಇದ್ದಾರಲ್ಲ, ಭಾನುವಾರ ಸಿಗುತ್ತಾರಾ ಕೇಳಿ. ಪುಟ್ಟೀ, ನೀನು ಬೆಳಿಗ್ಗೆ ಎಂಟರ ಬಸ್ಸಿಗೆ ಬಾ. ಕಾಗದ, ನೋಟ್ ಬುಕ್ ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ತಾ, ಇಲ್ಲಿ ಮಳೆ ನಿಂತಿಲ್ಲ. ಕೂಸಿಗೆ ಸ್ವೆಟರ್ ಹಾಕು. ಬಿಸಿ ನೀರು ಕಾಯಿಸಿ ಇಟ್ಟಿರುತ್ತೇನೆ.