ಗಾಳಿ ಕಡಿಮೆ ಇದೆ ಎಂದು ಅಣ್ಣನಿಗೇ ಹೇಳಬೇಕಿತ್ತು

ದೂರದೇಶದಲ್ಲಿರುವ ಕನ್ನಡಿಗರ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಊರಿಗೆ ಕರೆದುಕೊಂಡು ಹೋದರೆ ಮಕ್ಕಳು ದೊಡ್ಡಪ್ಪ, ಸೋದರಮಾವ ಎಂದು ಯಾರೊಡನೆಯೂ ಬೆರೆಯುವುದಿಲ್ಲ, ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ ಎಂದು ಕಳೆದ ವಾರ ಒಬ್ಬ ಅಕ್ಕ ಇಲ್ಲಿ ಬರೆದಿದ್ದರು. ಅದಕ್ಕೆ ಬಂದ ಉತ್ತರಗಳನ್ನೆಲ್ಲ ಓದಿದೆ. ಕನ್ನಡ ತರಗತಿಗೆ ಸೇರಿಸಿ, ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿಸಿ, ಹಬ್ಬಕ್ಕೆ ಕರೆದೊಯ್ಯಿರಿ ಎಂಬ ಸಲಹೆಗಳು ಒಳ್ಳೆಯವೇ. ಆದರೆ ನನ್ನ ಮನೆಯಲ್ಲಿ ತೊಡಕು ಇದ್ದದ್ದು ನನ್ನಲ್ಲಿ. ಅದನ್ನು ಬಿಚ್ಚಿ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸ್ವಲ್ಪ ಉದ್ದವಾದೀತು, ದಯವಿಟ್ಟು ಓದಿ.

ನಾವು ಬಳ್ಳಾರಿಯ ಕೌಲ್ ಬಜಾರಿನವರು, ಕ್ಯಾಥೊಲಿಕರು. ಅಮ್ಮನ ತವರು ರಾಯಚೂರು ಜಿಲ್ಲೆಯ ಮುದಗಲ್ಲು. ಹದಿನಾಲ್ಕು ವರ್ಷಗಳಿಂದ ನಾನು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಅಪ್ಪ ಹಾಸಿಗೆ ಹಿಡಿದ ಹನ್ನೊಂದು ತಿಂಗಳು ಅವರನ್ನು ನೋಡಿಕೊಂಡವರು ಅಣ್ಣ ಮತ್ತು ಅತ್ತಿಗೆ. ನಾನು ದುಡ್ಡು ಕಳುಹಿಸುತ್ತಿದ್ದೆ. ಅಪ್ಪ ತೀರಿಕೊಂಡ ತಿಂಗಳೊಪ್ಪತ್ತಿನಲ್ಲಿ ಒಂದು ದಿನ ಫೋನಿನಲ್ಲಿ ಮಾತಿಗೆ ಮಾತು ಬೆಳೆದು, "ಕಳುಹಿಸಿದ ದುಡ್ಡಿನ ಲೆಕ್ಕವನ್ನಾದರೂ ಕೊಡು" ಎಂದುಬಿಟ್ಟೆ. ಅಣ್ಣ ಏನೂ ಹೇಳದೆ ಫೋನ್ ಇಟ್ಟ. ಮೂರು ವಾರ ಕಳೆದ ಮೇಲೆ ಅಂಚೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಬಂತು. ಅಣ್ಣ ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದವನು, ಅಕ್ಷರ ಮುತ್ತಿನಂತಿದೆ. ದಿನಾಂಕ ಹಾಕಿ, ಗೆರೆ ಎಳೆದು, ಆಟೋ 60, ಎಳನೀರು 25, ರಾತ್ರಿ ಪಾಳಿಯ ನರ್ಸಿಗೆ ಚಹಾ 10 ಎಂದು ಒಂದನ್ನೂ ಬಿಡದೆ ಬರೆದಿದ್ದ. ಕೊನೆಯ ಪುಟದಲ್ಲಿ "ಉಳಿಕೆ 410" ಎಂದು ಬರೆದು, ನೂರರ ನಾಲ್ಕು ನೋಟು, ಹತ್ತರ ಒಂದು ನೋಟನ್ನು ಗುಂಡುಸೂಜಿಯಿಂದ ಚುಚ್ಚಿ ಇಟ್ಟಿದ್ದ.

ಆಮೇಲೆ ಏಳು ವರ್ಷ ನಮ್ಮಿಬ್ಬರ ನಡುವೆ ಮಾತಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಇಲ್ಲಿನ ನಮ್ಮ ಚರ್ಚಿನ ಸಭಾಂಗಣದಲ್ಲಿ ಕುಟುಂಬಗಳಿಗೆಂದು ಒಂದು ಚಿತ್ರ ತೋರಿಸಿದರು. ಮಾತು ಬಿಟ್ಟ ಅಣ್ಣತಮ್ಮಂದಿರು ತಾಯಿಯ ಕೊನೆಯ ಆಸೆ ತೀರಿಸಲು ಒಂದೇ ಹಳೆಯ ವ್ಯಾನಿನಲ್ಲಿ ಸಾವಿರಾರು ಮೈಲಿ ಹೋಗುವ ಹಾಸ್ಯ ಚಿತ್ರ. ಅಮೆರಿಕದಲ್ಲಿ ಕ್ರೈಸ್ತ ಚಿತ್ರಗಳದ್ದೇ ಒಂದು ಲೋಕವಿದೆ. ಕೆಲವು ಚಿತ್ರಗಳನ್ನು ಚರ್ಚಿನವರೇ ಕೈಯಿಂದ ಹಣ ಹಾಕಿ ತೆಗೆಯುತ್ತಾರೆ. ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಊರಿನ ಬ್ಯಾಪ್ಟಿಸ್ಟ್ ಚರ್ಚೊಂದು ತನ್ನ ಸದಸ್ಯರನ್ನೇ ನಟರನ್ನಾಗಿಸಿ, ಸುಮಾರು ಒಂದು ಲಕ್ಷ ಡಾಲರ್ ಖರ್ಚಿನಲ್ಲಿ ತೆಗೆದ ಚಿತ್ರ 2006ರಲ್ಲಿ ತೆರೆಕಂಡು ಒಂದು ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿತು. ಬೈಗುಳವಿಲ್ಲ, ಮಕ್ಕಳ ಕಣ್ಣು ಮುಚ್ಚಬೇಕಾದ ದೃಶ್ಯವಿಲ್ಲ, ಮೂರು ತಲೆಮಾರು ಒಟ್ಟಿಗೆ ಕೂತು ನೋಡಬಹುದು. ನನಗೆ ಇಂಥ ಚಿತ್ರಗಳಲ್ಲಿ ಒಂದು ತಕರಾರಿದೆ. ಕೊನೆಯ ಹತ್ತು ನಿಮಿಷದಲ್ಲಿ ಒಂದು ಪ್ರಾರ್ಥನೆ, ಒಂದು ಅಪ್ಪುಗೆ, ಅಲ್ಲಿಗೆ ಎಲ್ಲವೂ ಸರಿಹೋಗಿಬಿಡುತ್ತದೆ. ದೇವರನ್ನು ನಂಬುವವನಾಗಿಯೇ ಹೇಳುತ್ತೇನೆ, ದೇವರ ಕೆಲಸ ಅಷ್ಟು ಅವಸರದ್ದಲ್ಲ. ಆದರೆ ನಡುವಿನ ಒಂದು ಗಂಟೆ ನಿಜವಾಗಿತ್ತು. ಮನೆಯಲ್ಲಾದರೆ ಸಿಟ್ಟು ಬಂದವನು ಬಾಗಿಲು ಬಡಿದು ಕೋಣೆ ಸೇರುತ್ತಾನೆ. ಓಡುತ್ತಿರುವ ವ್ಯಾನಿನಲ್ಲಿ ಎಲ್ಲಿಗೆ ಹೋಗುತ್ತಾನೆ? ಆ ಇಕ್ಕಟ್ಟಿನಲ್ಲೇ ನಗು ಹುಟ್ಟುತ್ತಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಮರಳುವಾಗ ಮಗ ಹಿಂದಿನ ಸೀಟಿನಿಂದ ಕೇಳಿದ: "ಅಪ್ಪ, ದೊಡ್ಡಪ್ಪನ ಜೊತೆ ನೀನು ಯಾಕೆ ಮಾತಾಡುವುದಿಲ್ಲ?" ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಮಕ್ಕಳಿಗೆ ಏನೂ ತಿಳಿಯದಂತೆ ಇಟ್ಟಿದ್ದೇವೆ ಎಂದೇ ನಂಬಿದ್ದೆವು. ಒಂಬತ್ತು ವರ್ಷದ ಮಗಳು, "ನನಗೂ ಗೊತ್ತು. ಬಳ್ಳಾರಿಗೆ ಹೋದರೆ ನಾವು ಹೋಟೆಲಿನಲ್ಲಿ ಇಳಿಯುತ್ತೇವಲ್ಲ" ಎಂದಳು.

ಆ ರಾತ್ರಿ ಬೈಬಲಿನಲ್ಲಿ ಲೂಕನ 15ನೆಯ ಅಧ್ಯಾಯ ತೆಗೆದೆ. ಪಾಲು ತೆಗೆದುಕೊಂಡು ದೂರದೇಶಕ್ಕೆ ಹೋದ ಕಿರಿಯ ಮಗ, ತಂದೆಯ ಜೊತೆಯಲ್ಲೇ ಉಳಿದು ಹೊಲದಲ್ಲಿ ದುಡಿದ ಹಿರಿಯ ಮಗ. ಕಿರಿಯವನು ಎಲ್ಲ ಕಳೆದುಕೊಂಡು ಮರಳಿದಾಗ ತಂದೆ ಔತಣ ಮಾಡಿಸುತ್ತಾನೆ, ಹಿರಿಯವನು ಸಿಟ್ಟಾಗಿ ಮನೆಯ ಹೊರಗೇ ನಿಲ್ಲುತ್ತಾನೆ. ಚಿಕ್ಕಂದಿನಿಂದ ಎಷ್ಟು ಪ್ರವಚನ ಕೇಳಿದ್ದೇನೋ, ಎಲ್ಲದರಲ್ಲೂ ಆ ಹಿರಿಯವನು ಹೊಟ್ಟೆಕಿಚ್ಚಿನವನು ಎಂದೇ ಬರುತ್ತಿತ್ತು. ಅವತ್ತು ಮಾತ್ರ ಅವನ ಕೈಯಲ್ಲಿ ನೋಟ್‌ಬುಕ್ ಕಂಡಿತು. ದೂರದೇಶದಲ್ಲಿರುವವರು ನಾವು. ಅಪ್ಪನನ್ನು ಶೌಚಕ್ಕೆ ಎತ್ತಿಕೊಂಡು ಹೋದವರು, ನಡುರಾತ್ರಿ ಆಟೋ ಹುಡುಕಿದವರು ಅಲ್ಲಿರುವವರು. ಆ ಹಿರಿಯ ಮಗ ಕೊನೆಗೆ ಮನೆಯೊಳಗೆ ಬಂದನೋ ಇಲ್ಲವೋ ಎಂದು ಯೇಸು ಹೇಳುವುದೇ ಇಲ್ಲ, ಕಥೆ ಅಂಗಳದಲ್ಲೇ ನಿಲ್ಲುತ್ತದೆ. ಗುಂಪಿನಲ್ಲಿರುವ ಎಲ್ಲ ಧರ್ಮದವರಿಗೂ ಈ ಕಥೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ, ಏಕೆಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಊರಿನಲ್ಲಿ ಉಳಿದ ಒಬ್ಬ ಅಣ್ಣನೋ ತಂಗಿಯೋ ಇದ್ದಾರೆ.

ನೇರವಾಗಿ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮನಿಗೆ ಮಾಡಿದೆ. ಎಪ್ಪತ್ತೆಂಟು ವರ್ಷ, ಕಿವಿ ಮಂದ, ಮಾತು ಚುರುಕು. "ಕ್ರಿಸ್ಮಸ್ಸಿಗೆ ನನ್ನನ್ನು ಮುದಗಲ್ಲಿಗೆ ಕರೆದುಕೊಂಡು ಹೋಗಿ. ಇಬ್ಬರೂ ಬರಬೇಕು, ಒಂದೇ ಗಾಡಿಯಲ್ಲಿ ಹೋಗಬೇಕು" ಎಂದು ಅವರೇ ತೀರ್ಪು ಕೊಟ್ಟರು. ಅಮ್ಮನಿಲ್ಲದ ಮನೆಯಲ್ಲಿ ಚಿಕ್ಕಮ್ಮನ ಮಾತನ್ನು ಅಣ್ಣ ತೆಗೆದುಹಾಕುವವನಲ್ಲ.

ಡಿಸೆಂಬರ್ 24ರ ಬೆಳಿಗ್ಗೆ ಅಣ್ಣನ ಹಳೆಯ ಜೀಪಿನಲ್ಲಿ ಎಂಟು ಮಂದಿ ಹೊರಟೆವು. ಚಿಕ್ಕಮ್ಮ ಮುಂದೆ, ಅಣ್ಣನ ಪಕ್ಕದಲ್ಲಿ. ನಡುವಿನ ಸೀಟಿನಲ್ಲಿ ಅತ್ತಿಗೆ, ನನ್ನ ಹೆಂಡತಿ, ಮಗಳು. ಹಿಂದೆ ನಾನು, ಮಗ, ಅಣ್ಣನ ಮಗಳು, ಕರ್ಚಿಕಾಯಿ ತುಂಬಿದ ಡಬ್ಬಿಗಳು. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಸ್ಕಿಯ ಮೇಲೆ ಮುದಗಲ್ಲಿಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು. ತುಂಗಭದ್ರೆಯ ಕಾಲುವೆ ನೀರಿನ ಸೀಮೆ. ಭತ್ತ ಕೊಯ್ಲಾಗಿ ರಸ್ತೆಯ ಅಂಚಿನುದ್ದಕ್ಕೂ ಒಣಹಾಕಿದ್ದರು. ಮಗಳು ಅದನ್ನು ಮರಳು ಎಂದುಕೊಂಡಿದ್ದಳು. ಅತ್ತಿಗೆ ಗಾಡಿ ನಿಲ್ಲಿಸಿ ಒಂದು ಹಿಡಿ ಭತ್ತ ಕೈಗೆ ಹಾಕಿ, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಅಕ್ಕಿ ತೋರಿಸಿದರು.

ಅಣ್ಣನೂ ನಾನೂ ಮಾತ್ರ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಎಲ್ಲವೂ ಚಿಕ್ಕಮ್ಮನ ಮೂಲಕ. "ಚಿಕ್ಕಮ್ಮ, ಅವನಿಗೆ ಹಿಂದೆ ಇಕ್ಕಟ್ಟಾಗಿದೆಯೇ ಕೇಳು." "ಇಲ್ಲವಂತೆ ಎಂದು ಹೇಳಿ ಚಿಕ್ಕಮ್ಮ." ಸಿರುಗುಪ್ಪದಲ್ಲಿ ಒಗ್ಗಾಣಿ, ಮಿರ್ಚಿ ತಿಂದು ಹತ್ತುವಾಗ ಹಿಂದಿನ ಎಡಗಡೆಯ ಚಕ್ರ ತಗ್ಗಿದಂತೆ ಕಂಡಿತು. "ಚಿಕ್ಕಮ್ಮ, ಗಾಳಿ ಕಡಿಮೆ ಇದೆ ಎಂದು ಹೇಳಿ" ಎಂದೆ. ಚಿಕ್ಕಮ್ಮ ಗಟ್ಟಿಯಾಗಿ ಹೇಳಿದರು: "ಅವನಿಗೆ ಗಾಳಿ ಸಾಲುತ್ತಿಲ್ಲವಂತೆ, ಕಿಟಕಿ ತೆಗೆಯಪ್ಪ." ಅಣ್ಣ ಕಿಟಕಿ ತೆಗೆದ. ನಾನು ಸುಮ್ಮನಾದೆ. ಏಳು ವರ್ಷದ ಬಿಗುಮಾನ, ಇನ್ನೊಮ್ಮೆ ಬಾಯಿ ತೆರೆಯಲು ಬಿಡಲಿಲ್ಲ.

ಮಸ್ಕಿಗೆ ನಾಲ್ಕೈದು ಕಿಲೋಮೀಟರ್ ಇರುವಾಗ ಚಕ್ರ ಪೂರ್ತಿ ಕೂತಿತು. ಇಳಿದು ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿಯಿಲ್ಲ. ಅಷ್ಟರಲ್ಲಿ ಕುರಿಮಂದೆಯೊಂದು ಬಂದು ಗಾಡಿಯನ್ನು ಸುತ್ತುವರಿಯಿತು. ಒಂದು ಕುರಿ ಚಿಕ್ಕಮ್ಮನ ಕಿಟಕಿಯೊಳಗೆ ಮೂತಿ ಹಾಕಿತು. ನಾನು ಕೆಳಗೆ ಕೂತು ಚಕ್ರ ಮುಟ್ಟಿ ನೋಡುತ್ತ, "ಸಿರುಗುಪ್ಪದಲ್ಲೇ ಹೇಳಿದ್ದೆ" ಎಂದು ಗೊಣಗಿದೆ. ಅಣ್ಣ ಪಾನಾ ಹಿಡಿದು ನಿಂತವನು ನನ್ನ ಕಡೆ ತಿರುಗಿ ಕೂಗಿದ: "ಚಕ್ರದ ಗಾಳಿ ಎಂದು ನನಗೇ ಹೇಳಬಾರದಿತ್ತೇನೋ?"

ಏಳು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು ಅದು. ಮಗಳಿಗೆ ಗಾಳಿಯ ಎರಡರ್ಥವೂ ಆಗ ಹೊಳೆಯಿತು. ಅವಳು ನಗತೊಡಗಿದಳು, ಅತ್ತಿಗೆ ಸೆರಗು ಬಾಯಿಗೆ ಹಿಡಿದರು, ಕುರಿ ಕಾಯುವವನೂ ನಕ್ಕ. ಏನಾಯಿತೆಂದು ಚಿಕ್ಕಮ್ಮ ಕೇಳಿದಾಗ ಎಲ್ಲರೂ ಒಟ್ಟಿಗೆ ಕೂಗಿ ಹೇಳಬೇಕಾಯಿತು. ಅಣ್ಣ ನಕ್ಕದ್ದನ್ನು ನೋಡಿ ನನಗೆ ಅಪ್ಪನ ನೆನಪಾಯಿತು, ಅದೇ ಕೊಂಕಿದ ಮುಂಹಲ್ಲು.

ಹತ್ತಿ ಹೇರಿಕೊಂಡು ಹೊರಟಿದ್ದ ಒಂದು ಟ್ರ್ಯಾಕ್ಟರ್ ನಮ್ಮಿಬ್ಬರನ್ನೂ ಮಗನನ್ನೂ ಎರಡು ಚಕ್ರಗಳ ಸಮೇತ ಹತ್ತಿಸಿಕೊಂಡಿತು. ಹತ್ತಿಯ ಮೂಟೆಗಳ ಮೇಲೆ ಚಕ್ರಗಳನ್ನು ನಡುವೆ ಇಟ್ಟುಕೊಂಡು ಕೂತೆವು. ಅಲ್ಲೇ ಹೇಳಿದೆ: "ಅಣ್ಣ, ಲೆಕ್ಕ ಕೇಳಬಾರದಿತ್ತು. ತಪ್ಪಾಯಿತು." ಮಗ ಕೇಳುತ್ತಿದ್ದಾನೆ ಎಂದು ಗೊತ್ತಿದ್ದೇ ಹೇಳಿದೆ. ಅಣ್ಣ ಬಹಳ ಹೊತ್ತು ರಸ್ತೆಯನ್ನೇ ನೋಡಿದ. ಆಮೇಲೆ, "ಆ ಪುಸ್ತಕ ಇದೆಯೋ, ಬಿಸಾಡಿದೆಯೋ?" ಎಂದ. ಹೆಗಲ ಚೀಲದಲ್ಲೇ ಇದೆ ಎಂದೆ, ಉಳಿಕೆಯ ನೋಟುಗಳೂ ಹಾಗೇ ಇವೆ ಎಂದೆ. "ಹಾಗಾದರೆ ಪಂಕ್ಚರಿಗೆ ಅದನ್ನೇ ಕೊಡು" ಎಂದ.

ಪಂಕ್ಚರ್ ಅಂಗಡಿಯ ಹುಡುಗ ಎರಡೂ ಚಕ್ರಕ್ಕೆ ಸೇರಿ ಮುನ್ನೂರು ಕೇಳಿದ. ಗುಂಡುಸೂಜಿ ತುಕ್ಕು ಹಿಡಿದು ನೋಟುಗಳಿಗೆ ಕಂದು ಕಲೆಯಾಗಿತ್ತು. ಅವನು ಬೆಳಕಿಗೆ ಹಿಡಿದು ನೋಡಿ ಜೇಬಿಗಿಟ್ಟುಕೊಂಡ.

ಗಾಡಿ ಸರಿಯಾದ ಮೇಲೆ ಅಣ್ಣ ಮಸ್ಕಿಯಲ್ಲಿ ಅಶೋಕನ ಶಾಸನದ ಬಂಡೆಗೆ ಮಕ್ಕಳನ್ನು ಕರೆದೊಯ್ದ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ ಅದು. ಅಲ್ಲಿಯವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಕಂಡಿದ್ದವು, ಅದು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಈ ಬಂಡೆ. ಮೇಷ್ಟರ ಕಂಠ ಹಾಗೇ ಇದೆ. ನನ್ನ ಮಗ ಮೊಬೈಲನ್ನು ಜೀಪಿನಲ್ಲೇ ಬಿಟ್ಟು ದೊಡ್ಡಪ್ಪನ ಹಿಂದೆ ಹತ್ತಿ ಹೋದ. ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಅಚ್ಚಾದದ್ದು ನಮ್ಮ ಬಳ್ಳಾರಿಯಲ್ಲಿ, 1831ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಊರಿಗೆ ಬಂದು ಇಪ್ಪತ್ತು ವರ್ಷ ದುಡಿದ ಫಲ ಅದು ಎಂದು ಅಣ್ಣ ಇಳಿಯುವಾಗ ಹೇಳುತ್ತಿದ್ದ. ಇದನ್ನೆಲ್ಲ ನಾನು ಮಗನಿಗೆ ಎಂದೂ ಹೇಳಿರಲಿಲ್ಲ. ಹೇಳಬೇಕಾದವನು ದೊಡ್ಡಪ್ಪ, ಅವನನ್ನೇ ನಾನು ದೂರ ಇಟ್ಟಿದ್ದೆ.

ಮುದಗಲ್ಲಿನ ಕ್ರೈಸ್ತರು ಗೋವೆಯ ಕಡೆಯಿಂದ ಬಂದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಗುರುಗಳ ಕಾಲದಿಂದ, ಅಂದರೆ 16ನೆಯ ಶತಮಾನದಿಂದ ಅಲ್ಲಿದ್ದಾರೆ. ಮೊಹರಂಗೆ ಹೆಸರಾದ ಊರು ಅದು. ಕೋಟೆಯ ಊರಿನಲ್ಲಿ ಎಲ್ಲರ ಹಬ್ಬವೂ ಎಲ್ಲರ ಬೀದಿಯಲ್ಲೇ ನಡೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಮನೆಯಲ್ಲಿ ಮಕ್ಕಳೆಲ್ಲ ಸೇರಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟಿದರು. ಮಧ್ಯರಾತ್ರಿಯ ಪೂಜೆಯಲ್ಲಿ ಶಾಂತಿ ಕೋರುವ ಹೊತ್ತಿಗೆ ಅಣ್ಣ ನನ್ನ ಕಡೆ ತಿರುಗಿ ಕೈ ಮುಗಿದ. ನಾನೂ ಮುಗಿದೆ. ಕಾಣಿಕೆ ಇಡಲು ಬಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯನ 5ನೆಯ ಅಧ್ಯಾಯದಲ್ಲಿದೆ. ಉಳಿದಿದ್ದ 110 ರೂಪಾಯಿಯನ್ನು ಅಪ್ಪನ ಹೆಸರಿನಲ್ಲಿ ಕಾಣಿಕೆಗೆ ಹಾಕಿದೆವು. ಮರುದಿನ ನೋಟ್‌ಬುಕ್ ತೆಗೆದರೆ, ಕೊನೆಯ ಪುಟದಲ್ಲಿ ಅಣ್ಣನ ಮುತ್ತಿನ ಅಕ್ಷರದ ಕೆಳಗೆ ಮಗನ ಸೊಟ್ಟ ಕನ್ನಡ: "ಪಂಚರು 300. ಕಾಣಿಕೆ 110. ಉಳಿಕೆ 0."

ಅಕ್ಕನವರೇ, ಇದನ್ನೆಲ್ಲ ಬರೆದದ್ದು ಒಂದು ಮಾತಿಗಾಗಿ. ಮನೆಯ ಜಗಳ ಮಕ್ಕಳ ಕಿವಿಗೆ ಬೀಳದಿರಲಿ ಎಂದು ಕೆಲವರು ಇಲ್ಲಿ ಬರೆದಿದ್ದಾರೆ. ಮಕ್ಕಳಿಗೆ ಅದು ಆಗಲೇ ಗೊತ್ತಿರುತ್ತದೆ. ಜಗಳ ಕಂಡ ಮಕ್ಕಳು ರಾಜಿಯನ್ನೂ ಕಾಣಬೇಕು. ಮುಂದಿನ ಸಲ ಊರಿಗೆ ಹೋದಾಗ ಹತ್ತು ಮನೆಗೆ ಅರ್ಧರ್ಧ ಗಂಟೆಯಂತೆ ಹೋಗಿ ಚಾಕೊಲೇಟ್ ಹಂಚಿ ಬರುವುದನ್ನು ಬಿಟ್ಟು, ಒಂದೇ ಮನೆಯವರ ಜೊತೆ ಒಂದೇ ಗಾಡಿಯಲ್ಲಿ ಒಂದು ದಿನ ಹೋಗಿ ನೋಡಿ. ಹೊಡೆತ, ಹಿಂಸೆ ನಡೆದ ಮನೆಗಳ ಮಾತು ಬೇರೆ. ಅಲ್ಲಿ ದೂರವಿರುವುದೇ ಸರಿ, ಅಂಥವರಿಗೆ ನಾನು ಇದನ್ನು ಹೇಳುತ್ತಿಲ್ಲ.

ಅಣ್ಣ, ಅತ್ತಿಗೆಗೆ ವೀಸಾ ಸಿಕ್ಕಿದೆ, ಜೂನ್ ಮೊದಲ ವಾರ ಬರುತ್ತಾರೆ. ಕೊಲಂಬಸ್‌ನಿಂದ ಕ್ಲೀವ್‌ಲ್ಯಾಂಡ್, ಈರಿ ಮೇಲೆ ನಯಾಗರಕ್ಕೆ ಕಾರಿನಲ್ಲೇ ಹೋಗುವುದೆಂದು ಮಗ ದಾರಿ ಗುರುತು ಮಾಡಿದ್ದಾನೆ. ಒಯ್ಯಬೇಕಾದ ವಸ್ತುಗಳ ಪಟ್ಟಿಯಲ್ಲಿ ಅವನು ಮೊದಲು ಬರೆದದ್ದು ಚಕ್ರಕ್ಕೆ ಗಾಳಿ ಹಾಕುವ ಪಂಪು. ಈರಿಯ ಆಸುಪಾಸಿನಲ್ಲಿ ನಮ್ಮವರು ಯಾರಾದರೂ ಇದ್ದರೆ ತಿಳಿಸಿ. ಅಣ್ಣನಿಗೆ ಮಧ್ಯಾಹ್ನ ಎರಡು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿಯಾದರೆ ಸಾಕು. ಬರುವಾಗ ಬಳ್ಳಾರಿಯಿಂದ ಏನು ತರಬೇಕೋ ಹೇಳಿ, ತರಿಸುತ್ತೇನೆ.