ಪಫ್‌ಬಾಲ್‌ನಂಥ (ಒತ್ತಿದರೆ ಪುಡಿ ಕಾರುವ ಉಂಡೆಯಂಥ) ಈ ಅಣಬೆ ಯಾವುದು? ತಿಳಿದವರು ಹೇಳಿ

ಮರಳುದಾರಿ:
ಹುಡುಕಿ ಹುಡುಕಿ ತಲೆ ಕೆಟ್ಟುಹೋಗಿದೆ. ಯಾವ ಕೈಪಿಡಿಯಲ್ಲೂ ಇದು ಸಿಗುತ್ತಿಲ್ಲ. ಉರುಟಾಗಿದೆ, ಸಿಪ್ಪೆ ಬಿಳಿಚಿಕೊಂಡು ಕಾಗದದಂತಿದೆ, ಒತ್ತಿದರೆ ತುಕ್ಕು ಬಣ್ಣದ ಪುಡಿ ಹಾರುತ್ತದೆ. ಮೊಬೈಲ್ ಆ್ಯಪ್ ಪ್ರತಿ ಸಲವೂ ಬೇರೆ ಹೆಸರು ಹೇಳುತ್ತದೆ. ಚಿತ್ರ ಹಾಕಿದ್ದೇನೆ. ಪ್ರಭೇದ ಬೇಡ, ಕುಲವನ್ನಾದರೂ ಹೇಳಿ.

ಬೀಜಕಣ:
ಸ್ಕ್ಲಿರೋಡರ್ಮ ಕುಲದ್ದು, ನೋಡಲು ಪಫ್‌ಬಾಲ್‌ನಂತಿರುತ್ತದೆ. ಕತ್ತರಿಸಿ ನೋಡಿ, ಒಳಗೆ ನೇರಳೆಗಪ್ಪು ಇರುತ್ತದೆ.

ಮರಳುದಾರಿ:
ಪುಡಿ ತುಕ್ಕು ಬಣ್ಣದ್ದು ಎಂದು ಬರೆದಿದ್ದೇನಲ್ಲ!

ಬೀಜಕಣ:
ಬಲಿತ ಮೇಲೆ ಬಣ್ಣ ಮಾಸುತ್ತದೆ. ಸ್ಕ್ಲಿರೋಡರ್ಮವೇ.

ಹಸಿರುಹಾಸು:
ಸ್ಕ್ಲಿರೋಡರ್ಮದ ಸಿಪ್ಪೆ ತೊಗಲಿನಂತೆ ದಪ್ಪ, ಅಡ್ಡಾದಿಡ್ಡಿ ಬಿರಿಯುತ್ತದೆ. ನಿಮ್ಮದರ ನೆತ್ತಿಯಲ್ಲಿ ರಂಧ್ರವಿದೆಯೇ? ಅಪರೂಪದ್ದೆಂಬ ಅನುಮಾನವಿದ್ದರೆ ಇದ್ದಬದ್ದದ್ದನ್ನೆಲ್ಲ ಕೀಳಬೇಡಿ.

ಮಸೂರ:
ಒಂದೆರಡು ಕಿತ್ತರೆ ನಷ್ಟವಿಲ್ಲ, ಶಿಲೀಂಧ್ರದ ಜೀವ ಮಣ್ಣೊಳಗಿನ ಎಳೆಗಳಲ್ಲಿದೆ. ಒಣಗಿಸಿದ ಮಾದರಿಯಿಲ್ಲದೆ ಹೆಸರು ಖಚಿತವಾಗುವುದಿಲ್ಲ.

ಹಸಿರುಹಾಸು:
ಮಣ್ಣು ಕೆದಕಿದರೆ ಆ ಎಳೆಗಳೂ ಹರಿಯುತ್ತವೆ. ಮೊದಲು ಇದ್ದ ಜಾಗದಲ್ಲೇ ಚಿತ್ರ ತೆಗೆಯಬೇಕು.

ಮಸೂರ:
ಚಿತ್ರದಿಂದ ಪುಡಿಯಲ್ಲಿರುವ ಬೀಜಕಣ (ಅಣಬೆಯ ಬೀಜದಂಥ ಸೂಕ್ಷ್ಮ ಕಣ) ಕಾಣುತ್ತದೆಯೇ? ನನ್ನ ಸೂಕ್ಷ್ಮದರ್ಶಕಕ್ಕೆ ಎಣ್ಣೆ ಹನಿಸಿ ನೋಡುವ ನೂರು ಪಟ್ಟಿನ ಮಸೂರವಿದೆ, ಮೇಲೆ ಕ್ಯಾಮೆರಾ ಕೂರಿಸಿದ್ದೇನೆ. ಲೈಕೋಪರ್ಡಾನ್ ಎಂಬ ಪಫ್‌ಬಾಲ್ ಕುಲದ ಬೀಜಕಣದ ಮೇಲಿನ ಮುಳ್ಳುಗಳು ಒಂದೊಂದಾಗಿ ಕಾಣುತ್ತವೆ.

ಮರಳುದಾರಿ:
ರಂಧ್ರ ನೆತ್ತಿಯ ನಡುವೆಯೇ ಇದೆ. ಕಾಂಡದಿಂದ ತಲೆ ಕಳಚಿಬಿಟ್ಟಿದೆ, ಹಾಗೆಯೇ ಒಣಗಿಸಬಹುದೇ?

ಹಸಿರುಹಾಸು:
ಕಾಂಡವೇ? ಚಿತ್ರದಲ್ಲಿ ಬರೀ ತಲೆಯಿದೆ!

ಮರಳುದಾರಿ:
ಮರಳಿನಲ್ಲಿ ಹೂತಿತ್ತು. ಕಡ್ಡಿಯಷ್ಟು ಸಪೂರ, ಬೆರಳುದ್ದ. ತಲೆ ಸುಮಾರು 1 ಸೆಂ.ಮೀ.

ಹಸಿರುಹಾಸು:
ಹಾಗಾದರೆ ಟುಲೊಸ್ಟೋಮ, ಕಾಂಡವಿರುವ ಪಫ್‌ಬಾಲ್ ಕುಲ! ಅದರ ಕಾಂಡ ತಲೆಯ ಬುಡದ ಕುಳಿಯಲ್ಲಿ ಕೂತಿರುತ್ತದೆ, ಅದಕ್ಕೇ ಸುಲಭವಾಗಿ ಕಳಚುತ್ತದೆ. ಕಾಂಡವಿರುವ ಬೇರೆ ಕುಲಗಳೂ ಇವೆ: ಪೊಡಾಕ್ಸಿಸ್ ಆಗಿದ್ದರೆ ಕಾಂಡ ತಲೆಯೊಳಗೆ ನೆತ್ತಿಯವರೆಗೂ ಹಾದುಹೋಗುತ್ತಿತ್ತು. ಬಟಾರಿಯಕ್ಕೆ ಇಂಥ ರಂಧ್ರವೇ ಇಲ್ಲ, ತಲೆಯ ಸಿಪ್ಪೆ ಅಂಚಿನುದ್ದಕ್ಕೂ ಸೀಳಿ ಮುಚ್ಚಳದಂತೆ ಕಳಚಿಬೀಳುತ್ತದೆ. ರಂಧ್ರದ ಅಂಚು ಕೊಳವೆಯಂತೆ ಎದ್ದಿದೆಯೋ, ನಾರುನಾರಾಗಿದೆಯೋ ನೋಡಿ. ಕೊಳವೆಯಾದರೆ ಟುಲೊಸ್ಟೋಮ ಬ್ರುಮಾಲೆಯಂಥ ಪ್ರಭೇದಗಳು, ನಾರಾದರೆ ಫಿಂಬ್ರಿಯಾಟಮ್‌ನಂಥವು. ಮುಂದಿನದು ಬೀಜಕಣ ನೋಡಿದ ಮೇಲೆಯೇ.

ಬೀಜಕಣ:
ಸ್ಕ್ಲಿರೋಡರ್ಮ ವೆರುಕೋಸಮ್‌ಗೂ ಬುಡದಲ್ಲಿ ಕಾಂಡದಂಥ ಭಾಗವಿದೆ.

ಹಸಿರುಹಾಸು:
ಅದು ಗಿಡ್ಡ, ಒರಟು, ಬೇರಿನಂಥದ್ದು. ಕಡ್ಡಿಯಷ್ಟು ಸಪೂರ ಎಂದಿದ್ದಾರೆ, ದಯವಿಟ್ಟು ಓದಿ.

ಮಸೂರ:
ತಲೆ, ಕಾಂಡ ಎರಡನ್ನೂ ಒಣಗಿಸಿ ಒಂದೇ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಮುಖಗವಸು ಹಾಕಿಕೊಳ್ಳಿ, ಈ ಪುಡಿಯನ್ನು ಹೆಚ್ಚು ಉಸಿರಾಡುವುದು ಶ್ವಾಸಕೋಶಕ್ಕೆ ಕೆಟ್ಟದ್ದು.

ಮರಳುದಾರಿ:
ರಂಧ್ರದ ಸುತ್ತ ಕಂದು ಉಂಗುರವಿದೆ, ಆದರೆ ಅಂಚು ಹರಿದಿದೆ. ಕೊಳವೆಯೋ ನಾರೋ ಹೇಳಲಾಗುತ್ತಿಲ್ಲ. ಹತ್ತಿರದಿಂದ ತೆಗೆದ ಚಿತ್ರ ಹಾಕುತ್ತೇನೆ.

ಮಸೂರ:
ಯಾವ ಲೆನ್ಸ್ ಬಳಸುತ್ತೀರಿ?