ಓದುಗರ ಸ್ಪಂದನ: 300 ಸಾಮಾನು ಕೊಟ್ಟು ಒಬ್ಬ ಸಿಪಾಯಿಯನ್ನು ತರಬೇಕೆ?

ಕಳೆದ ಸಲ ಪುಣೆಯ ಕೊಥ್ರೂಡ್‌ನಿಂದ ಒಬ್ಬ ಓದುಗರು ತಮ್ಮ ಪೇಚಾಟ ಬರೆದಿದ್ದರು. ಹುಟ್ಟೂರು ಧಾರವಾಡ, ಕೆಲಸ ಬ್ಯಾಂಕಿನಲ್ಲಿ, ಹುಚ್ಚು ಸೈನ್ಯದ ಹಳೇ ಸಾಮಾನಿನದು. 14 ವರ್ಷ ಸಂತೆ ಸುತ್ತಿ 300ಕ್ಕೂ ಜಾಸ್ತಿ ಸೇರಿಸಿದ್ದಾರೆ. ಸಮವಸ್ತ್ರದ ಗುಂಡಿ, ಟೋಪಿಯ ಬಿಲ್ಲೆ, ನೀರಿನ ಬಾಟಲಿ, ಮದ್ದಿನ ಪೆಟ್ಟಿಗೆ, ಒಂದು ಡಬ್ಬಿ ತುಂಬ ಬಿಡಿ ಮೆಡಲ್. ಈಗ ಯಾರೋ ಮೊದಲ ಮಹಾಯುದ್ಧದ ಒಬ್ಬನೇ ಸಿಪಾಯಿಯ ಮೂರು ಮೆಡಲ್, ಜೊತೆಗೆ ಅವನು ಸತ್ತ ಮೇಲೆ ಮನೆಗೆ ಬಂದ ಕಂಚಿನ ಫಲಕ, ಎಲ್ಲ ಸೇರಿ 80,000 ರೂಪಾಯಿಗೆ ಕೊಡುತ್ತೇನೆ ಎಂದಿದ್ದಾರೆ. ಸಿಪಾಯಿ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿಯವನಂತೆ. ಕೊಳ್ಳಬೇಕಾದರೆ ಇರುವುದೆಲ್ಲ ಮಾರಬೇಕು. ಏನು ಮಾಡಲಿ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸರ್, ನಾನು ಡೊಂಬಿವಲಿಯವನು. 20 ವರ್ಷದಿಂದ ಶುಕ್ರವಾರ ಬೆಳಗಿನ ಜಾವ ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಕಡೆ ಕಾಲು ಎಳೆಯುತ್ತದೆ. ಅವತ್ತು ಫುಟ್‌ಪಾತ್ ಮೇಲೆ ಹಾಸುವ ಜುಮಾ ಬಜಾರಿನಲ್ಲೇ ನಾನು ಪಾಠ ಕಲಿತದ್ದು, ದುಡ್ಡು ಕಳೆದದ್ದೂ ಅಲ್ಲೇ.

ಮೊದಲ ಮೂರು ವರ್ಷದಲ್ಲಿ 40 ಸಾಮಾನು ಕೊಂಡೆ. ಹಿತ್ತಾಳೆಯ ದಿಕ್ಸೂಚಿ, ದುರ್ಬೀನು, ಮೇಲೆ ಲಂಡನ್ ಕಂಪನಿಯ ಹೆಸರು, 1917 ಎಂಬ ಇಸವಿ. ಒಂದು ಭಾನುವಾರ ತಿಳಿದವರೊಬ್ಬರು ಮನೆಗೆ ಬಂದು ಒಂದೊಂದೇ ಎತ್ತಿ ನೋಡಿದರು. ಕಾಫಿ ಮುಗಿಯುವಷ್ಟರಲ್ಲಿ 31 ಸಾಮಾನು ಪಕ್ಕಕ್ಕೆ ಸರಿದಿದ್ದವು. ಎಲ್ಲ ಹೊಸ ಮಾಲು! ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗಾಯಿತು.

ಅವರು ತೋರಿಸಿಕೊಟ್ಟದ್ದು ಇಷ್ಟೇ. ನಿಜವಾಗಿ ಬಳಸಿದ ಸಾಮಾನು ಕೈ ತಾಗುವ ಕಡೆ ಸವೆದಿರುತ್ತದೆ, ಸಂದಿಯಲ್ಲಿ ಕೊಳೆ ಕೂತಿರುತ್ತದೆ. ನಕಲಿಯಲ್ಲಿ ಎಲ್ಲ ಕಡೆ ಒಂದೇ ಥರದ ಕಪ್ಪು, ಸ್ಕ್ರೂವಿನ ಗೀರಿನೊಳಗೂ ಅದೇ ಕಪ್ಪು. ಅಚ್ಚಿನಲ್ಲಿ ಒತ್ತಿ ಮಾಡಿದ ಬಿಲ್ಲೆ ತೆಳ್ಳಗಿರುತ್ತದೆ, ಅಕ್ಷರ ಚೂಪಾಗಿರುತ್ತದೆ, ಹಿಂಬದಿಯಲ್ಲಿ ಅದೇ ಚಿತ್ರ ಗುಳಿಬಿದ್ದಂತೆ ಕಾಣುತ್ತದೆ. ಎರಕ ಹೊಯ್ದ ನಕಲಿ ದಪ್ಪ, ಮೈಮೇಲೆ ಮರಳು ಕಚ್ಚಿದಂಥ ಚುಕ್ಕೆ.

ಆ 31ನ್ನು ನಾನು ಎಸೆದಿಲ್ಲ. ಹೊಸದೇನಾದರೂ ಕೈಗೆ ಬಂದರೆ ಪಕ್ಕದಲ್ಲಿಟ್ಟು ನೋಡುತ್ತೇನೆ. ಆದ್ದರಿಂದ 14 ವರ್ಷ ಕಸ ಕೂಡಿಸಿದೆ ಅಂತ ಕೊರಗಬೇಡಿ. ಅಷ್ಟು ಕಸ ಮುಟ್ಟಿದ್ದಕ್ಕೇ ಒಳ್ಳೆಯದು ಎದುರಿಗೆ ಬಂದಾಗ ನಿಮ್ಮ ಕೈಗೆ ಗೊತ್ತಾಗುವುದು.

ಇನ್ನೊಂದು ಮಾತು. ಮಾರುವುದಾದರೆ ಹೊರದೇಶದವರು ಜಾಸ್ತಿ ಕೊಡುತ್ತಾರೆ ಅಂತ ಪಾರ್ಸೆಲ್ ಕಟ್ಟಿಬಿಟ್ಟೀರಿ. 1972ರ ಪುರಾತನ ವಸ್ತುಗಳ ಕಾನೂನಿನಲ್ಲಿ 100 ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಆಚೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಮಾಲು ಈಗ ಆ ಗೆರೆ ದಾಟಿದೆ.

– ಡೊಂಬಿವಲಿಯ ಓದುಗ

*

ಇದು ಆ ಅಣ್ಣನಿಗಲ್ಲ, ಅವರ ಮನೆಯವರಿಗೆ.

ಅಕ್ಕಾ, ನಮ್ಮವರದೂ ಇದೇ ಕಥೆ. ವಾಶಿಯಲ್ಲಿ ಎರಡು ರೂಮಿನ ಮನೆ, ಅದರಲ್ಲಿ ಒಂದು ಗೋದ್ರೇಜ್ ಕಪಾಟು ಸೈನ್ಯದ ವಶದಲ್ಲಿದೆ. ಬಾಗಿಲು ತೆಗೆದರೆ ಡಾಂಬರ್ ಗುಳಿಗೆ ವಾಸನೆ. ಒಂದು ದೀಪಾವಳಿಗೆ ನಾನೇ ಉಪಕಾರ ಮಾಡೋಣ ಅಂತ ಅವರ ಬಿಲ್ಲೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಚಿನ್ನದ ಹಾಗೆ ಮಾಡಿದೆ. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಳೇ ಬಣ್ಣ ಹೋದರೆ ಬೆಲೆಯೂ ಹೋಗುತ್ತದಂತೆ. ನನಗೇನು ಗೊತ್ತು?

ಆಮೇಲೆ ಒಂದು ಕರಾರು ಆಯಿತು. ಕಪಾಟು ಒಂದೇ. ಹೊಸದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಈಗ ಅವರು ಸಂತೆಯಿಂದ ಬರಿಗೈಯಲ್ಲಿ ಬರುವುದೇ ಜಾಸ್ತಿ. ನೀವೂ ಮಾಡಿ ನೋಡಿ.

– ಹೆಸರು ಬೇಡ, ವಾಶಿ

*

ಎಲ್ಲರೂ ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದು ಬಿಡಿ ಅಂತಲೇ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ.

ನೀವಿರುವ ಊರಿನಲ್ಲೇ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ ಇದೆ. ಕೇಳ್ಕರ್ ಒಬ್ಬರೇ ಊರೂರು ತಿರುಗಿ ಸುಮಾರು 20,000 ಸಾಮಾನು ಕೂಡಿಸಿದರು. ದೀಪ, ಅಡಕೊತ್ತು, ಬಾಗಿಲು, ಅಡುಗೆಮನೆ ಪಾತ್ರೆ. ಅದರಲ್ಲಿ ನೋಡಲು ಇಟ್ಟಿರುವುದು 2,500ರ ಆಸುಪಾಸು. ಒಂದು ಅಡಕೊತ್ತು ಇಟ್ಟರೆ ಅದು ಅಡಕೊತ್ತು ಅಷ್ಟೇ. ಸಾಲಾಗಿ ನೂರು ಇಟ್ಟಾಗ ಜನ ಹೇಗೆ ಬದುಕಿದರು ಅಂತ ಕಾಣುತ್ತದೆ. ಗುಂಡಿಗೂ ಅದೇ ಮಾತು. ಒಂದೇ ಪಲ್ಟನ್ನಿನ ಗುಂಡಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಕಿರೀಟ, ಆಮೇಲಿನ ರಾಜನ ಕಾಲದ ಕಿರೀಟ, 1950ರ ನಂತರದ ಅಶೋಕ ಸಿಂಹ, ಮೂರೂ ಜೋಡಿಸಿಡಿ. ಖರ್ಚು ಎಷ್ಟು? ನಾನು ಮೂರಕ್ಕೂ ಸೇರಿ 200 ರೂಪಾಯಿ ಕೊಟ್ಟಿದ್ದೆ.

ನಿಮ್ಮಲ್ಲಿರುವುದು ಮುನ್ನೂರೋ ಮೂರೋ ಅನ್ನುವುದು ತೊಂದರೆಯಲ್ಲ. ಒಂದಕ್ಕೊಂದು ಸಂಬಂಧವಿಲ್ಲ ಅನ್ನುವುದೇ ತೊಂದರೆ ಅಂತ ನನ್ನ ಗುಮಾನಿ.

– ನಿವೃತ್ತ ಶಿಕ್ಷಕ, ಪಿಂಪ್ರಿ

*

ಗೋವಾದ ವಾಸ್ಕೊದಿಂದ ಒಂದು ಮಾತು. ಇಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ, ಹಳೇ ವಿಮಾನಗಳು ಅಂಗಳದಲ್ಲೇ ನಿಂತಿವೆ. ಸಮುದ್ರದ ಗಾಳಿ ಲೋಹಕ್ಕೆ ಏನು ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪುಣೆಯ ಮಳೆಗಾಲವೂ ಕಡಿಮೆಯೇನಲ್ಲ.

ಕೊಂಡ ದಿನಕ್ಕೆ ಖರ್ಚು ಮುಗಿಯುವುದಿಲ್ಲ. ಉಣ್ಣೆ ಕೋಟಿಗೆ ನುಸಿ, ಬೆಲ್ಟಿಗೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಮೆಡಲ್‌ಗಳನ್ನು ಅಗ್ಗದ ಪಿವಿಸಿ ಲಕೋಟೆಯಲ್ಲಿ ಹಾಕಿದರೆ ಕೆಲವು ವರ್ಷಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ. ಜೂನ್ ಬಂತೆಂದರೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಬದಲಿಸಬೇಕು. ನಾನು 60 ಸಾಮಾನಿಗೆ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿಯಾದರೆ ಭಾನುವಾರಗಳು ಸಾಲುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ, ಇದೆಯೋ ಇಲ್ಲವೋ ಬರೆದಿಲ್ಲ. 1907ರ ಮಾದರಿಯದಾದರೆ ಅಲಗೇ 17 ಇಂಚು. 9 ಇಂಚು ದಾಟಿದ ಅಲಗು ಶಸ್ತ್ರ ನಿಯಮದ ಪಟ್ಟಿಯಲ್ಲಿ ಬರುತ್ತದೆ, ಮಾರುವ ಮೊದಲು ಠಾಣೆಯಲ್ಲಿ ವಿಚಾರಿಸಿ. ಇನ್ನು ತೋಪಿನ ಖಾಲಿ ಶೆಲ್ ಅಂತ ಯಾರಾದರೂ ಕೊಟ್ಟರೆ, ಖಾಲಿ ಅನ್ನುವುದು ಅವರ ಮಾತು ಮಾತ್ರ. ಮನೆಗೆ ತರಬೇಡಿ.

– ವಾಸ್ಕೊ ಓದುಗ

*

ರಾಯರೇ,

ನಾನು ಖಡಕಿಯಲ್ಲಿರುತ್ತೇನೆ. ಸುಬೇದಾರನಾಗಿ ನಿವೃತ್ತನಾದೆ. ಊರು ಖಾನಾಪುರ ತಾಲೂಕು, ಬೆಳಗಾವಿ ಜಿಲ್ಲೆ.

110ನೇ ಮರಾಠಾ ಅಂದಿರಿ, ಅದಕ್ಕೇ ಈ ಪತ್ರ. ಆ ಪಲ್ಟನ್ ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ, ಕುತ್ ಎಂಬ ಊರಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. 1915ರ ಡಿಸೆಂಬರಿನಿಂದ ತುರ್ಕಿಯವರು ಸುತ್ತುಗಟ್ಟಿದ್ದರು, 1916ರ ಏಪ್ರಿಲ್ 29ಕ್ಕೆ ಶರಣಾಗತಿ. ಹಸಿವಿನಿಂದ ಸತ್ತವರು, ಸೆರೆಯಲ್ಲಿ ನಡೆದು ನಡೆದು ಸತ್ತವರು ಬಹಳ. ಆ ಸಿಪಾಯಿ ಅವರಲ್ಲಿ ಒಬ್ಬನಾಗಿದ್ದರೆ 80,000 ಹೆಚ್ಚಲ್ಲ. ಆದರೆ ಆಗಿದ್ದರೆ ಮಾತ್ರ. ದುಡ್ಡು ಕೊಡುವ ಮೊದಲು ನೋಡಬೇಕಾದದ್ದಿದೆ.

ಆ ಮೂರು ಮೆಡಲ್ ಸಾಮಾನ್ಯವಾಗಿ ಇವು. 1914-15 ಸ್ಟಾರ್‌ನಲ್ಲಿ ಹೆಸರು ಹಿಂಬದಿಯಲ್ಲಿ ಇರುತ್ತದೆ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್, ಕಂಚಿನ ವಿಕ್ಟರಿ ಮೆಡಲ್, ಈ ಎರಡರಲ್ಲಿ ಅಂಚಿನ ಮೇಲೆ. ನಂಬರ್, ಹುದ್ದೆ, ಹೆಸರು, ಪಲ್ಟನ್. ಮೂರರಲ್ಲೂ ನಂಬರ್ ಒಂದೇ ಇದೆಯಾ ನೋಡಿ. ಆಮೇಲೆ ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದು ದುಂಡನೆಯ ಎರಡನ್ನೂ ಅಳೆಯಿರಿ. 36 ಮಿಲಿಮೀಟರ್ ಇರಬೇಕು. ಹಳೇ ಹೆಸರನ್ನು ಅರದಿಂದ ಉಜ್ಜಿ ಹೊಸ ಹೆಸರು ಹೊಡೆದಿದ್ದರೆ ಅಳತೆ ಒಂದು ಕೂದಲಿನಷ್ಟಾದರೂ ಕಡಿಮೆ ಬರುತ್ತದೆ.

ಫಲಕದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. 120 ಮಿಲಿಮೀಟರಿನ ಆ ಕಂಚಿನ ಬಿಲ್ಲೆಯ ಮೇಲೆ ಬರೀ ಹೆಸರು. ನಂಬರ್ ಇಲ್ಲ, ಹುದ್ದೆ ಇಲ್ಲ, ಪಲ್ಟನ್ ಇಲ್ಲ. ಸಾವಿನಲ್ಲಿ ಎಲ್ಲರೂ ಸಮ ಅಂತ ಬೇಕೆಂದೇ ಹಾಗೆ ಮಾಡಿದ್ದು. ಅದೇ ಮಾರುವವರಿಗೆ ಅನುಕೂಲವಾಯಿತು. ಮರಾಠಾ ಪಲ್ಟನ್ನಿನಲ್ಲಿ ಒಂದೇ ಹೆಸರಿನವರು ಎಷ್ಟು ಜನ! ಒಬ್ಬನ ಮೆಡಲ್ಲಿಗೆ ಇನ್ನೊಬ್ಬನ ಫಲಕ ಜೋಡಿಸುವುದು ಕಷ್ಟವೇನಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಸತ್ತವರ ಹೆಸರು ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿ ನಂಬರ್ ಕೂಡ ಹೊಂದಿದರೆ ಕೊಳ್ಳಿ. ಹೊಂದದಿದ್ದರೆ ಮೆಡಲ್ಲಿಗಷ್ಟೇ ಬೆಲೆ ಕಟ್ಟಿ.

ಯಾವುದನ್ನು ಮಾರಬೇಕು ಅಂತ ಕೇಳಿದ್ದೀರಿ. ಬಾಟಲಿ ಮಾರಿ, ಪೆಟ್ಟಿಗೆ ಮಾರಿ. ಜಾಗ ತಿನ್ನುವುದು ಅವೇ. ಗುಂಡಿ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಅದು ನಿಮ್ಮಿಷ್ಟ. ಆದರೆ ಆ ಡಬ್ಬಿಯ ಬಿಡಿ ಮೆಡಲ್‌ಗಳನ್ನು ತೂಕಕ್ಕೆ ಹಾಕಿದ ಹಾಗೆ ಒಟ್ಟಿಗೆ ಕೊಡಬೇಡಿ. ಪ್ರತಿಯೊಂದರ ಅಂಚನ್ನೂ ಭೂತಗನ್ನಡಿ ಹಿಡಿದು ಓದಿ, ಬರೆದಿಡಿ, ಫೋಟೋ ತೆಗೆಯಿರಿ. ಹೆಸರಿಲ್ಲದ್ದು ಹೋಗಲಿ.

ನಮ್ಮಜ್ಜನೂ ಆ ಯುದ್ಧಕ್ಕೆ ಹೋಗಿದ್ದ. ಬದುಕಿ ಬಂದ. ಅವನ ಬೆಳ್ಳಿ ಮೆಡಲ್ಲನ್ನು ಅಜ್ಜಿ ಪತ್ತಾರರಿಗೆ ಕೊಟ್ಟು ನಮ್ಮತ್ತೆಗೆ ಕಾಲುಂಗುರ ಮಾಡಿಸಿದಳು. ತಪ್ಪೇನು, ಮನೆಯಲ್ಲಿದ್ದ ಬೆಳ್ಳಿ ಅದೊಂದೇ. ಕಿತ್ತಳೆ, ಬಿಳಿ, ಕಪ್ಪು, ನೀಲಿ ಗೆರೆಯ ಪಟ್ಟಿ ಮಾತ್ರ ನನ್ನ ಹತ್ತಿರ ಇದೆ. ಅಂಚಿನ ಮೇಲೆ ಯಾವ ನಂಬರ್ ಇತ್ತು, ಯಾವ ಪಲ್ಟನ್ ಇತ್ತು, ಯಾರೂ ಬರೆದಿಡಲಿಲ್ಲ. ಅವನ ವಿಕ್ಟರಿ ಮೆಡಲ್ ಕಂಚಿನದು, ಕರಗಿಸಿ ಲಾಭವಿಲ್ಲ. ಅದು ಎಲ್ಲೋ ಕೈಬಿಟ್ಟು ಹೋಯಿತು. ಯಾವುದಾದರೂ ಸಂತೆಯಲ್ಲಿ ಇರಬಹುದು.

ಅಜ್ಜನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಸಂಪಾದಕರಿಗೆ ಕಳಿಸಿದ್ದೇನೆ. ಡಬ್ಬಿ ತೆಗೆದಾಗ ಒಮ್ಮೆ ನೋಡುತ್ತೀರಲ್ವಾ?

– ನಿವೃತ್ತ ಸುಬೇದಾರ್, ಖಡಕಿ